ಅಣ್ಣನ ಎಲೆ ಉಂಡ ನಾಯಿ

ನಾಯಿಯ ಕಾಯಿಲೆಯನ್ನು ಬರೆದುಕೊಂಡು ಕೂರುವಷ್ಟು ಪುರಸೊತ್ತು ಯಾರಿಗಿದೆ ಎಂದು ಕೇಳುವವರಿದ್ದಾರೆ. ನನಗಿದೆ. ಶಾಲೆಯ ಕೆಲಸದಿಂದ ನಿವೃತ್ತಳಾಗಿ ಬಹಳ ವರ್ಷವಾಯಿತು. ಕಣ್ಣು ಇನ್ನೂ ಕಾಣುತ್ತದೆ, ಕೈ ನಡುಗುವುದಿಲ್ಲ. ಮೊನ್ನೆ ಪಕ್ಕದ ಮನೆಯ ಹುಡುಗಿ ತನ್ನ ನಾಯಿಯನ್ನು ಎಳೆದುಕೊಂಡು ನಮ್ಮ ಜಗಲಿಗೆ ಬಂದಳು. ಕೈಯಲ್ಲಿ ಎಂಥದೋ ಎಣ್ಣೆಯ ಬಾಟಲಿ.

"ಅಕ್ಕೋರೆ, ಇದ್ರ ಪಕ್ಕೆಲಿ ಗಂಟು ಎದ್ದದೆ. ಇದನ್ನ ಹಚ್ಚಿರೆ ಅಡ್ಡಿಲ್ವ?"

ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಅಕ್ಕೋರು ಎನ್ನುತ್ತಾರೆ. ಶಾಲೆ ಬಿಟ್ಟರೂ ಆ ಹೆಸರು ಬಿಡುವುದಿಲ್ಲ. ನಾನು ನಾಯಿಯ ಪಕ್ಕೆಗೆ ಬೆರಳಿಟ್ಟು ನೋಡಿದೆ. ಮೆತ್ತಗೆ, ನೋವಿಲ್ಲದೆ, ಚರ್ಮದಡಿಯಲ್ಲಿ ಆಚೀಚೆ ಜಾರಿತು. ಇಷ್ಟು ವರ್ಷದ ಮೇಲೂ ನನ್ನ ಬೆರಳಿಗೆ ಅದು ಮರೆತಿರಲಿಲ್ಲ.

"ಎಂತದೂ ಹಚ್ಬೇಡ. ಆ ಬಾಟ್ಲಿ ಅತ್ಲಾಗೆ ಇಡು!" ಎಂದೆ. ಜೋರಾಗಿಯೇ ಅಂದಿರಬೇಕು. ಹುಡುಗಿ ಹೆದರಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವಳಿಗೆ ಹೇಳಿದ್ದನ್ನೇ ಈಗ ಬರೆಯುತ್ತಿದ್ದೇನೆ. ಸಾಕಿದ ಪ್ರಾಣಿಯ ಮೈಯಲ್ಲಿ ಗಂಟು ಕೈಗೆ ಸಿಕ್ಕ ದಿನ ಎದೆ ಹೇಗೆ ಧಸಕ್ಕೆನ್ನುತ್ತದೆ ಎಂದು ಬಲ್ಲವರು ಇನ್ನೂ ಎಲ್ಲೆಲ್ಲಿಯೋ ಇದ್ದಾರು.

ಆಗ ನಮ್ಮ ಮನೆ ಭಟ್ಕಳದ ಬಂದರದ ಹತ್ತಿರವಿತ್ತು. ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಕೆಲವೇ ವರ್ಷವಾಗಿತ್ತು. ಅಪ್ಪ ನಾನು ಸಣ್ಣವಳಿರುವಾಗಲೇ ತೀರಿಕೊಂಡಿದ್ದ. ಮನೆಯಲ್ಲಿ ನಮ್ಮನ್ನು ಹೆತ್ತ ಅಬ್ಬೆ, ಅಣ್ಣ ಮಾದೇವ, ಅವನ ಹೆಂಡತಿ ಗಿರಿಜೆ, ಮತ್ತು ಊರ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾನು. ಅಣ್ಣ ಮಚವೆಯಲ್ಲಿ ದುಡಿಯುತ್ತಿದ್ದ. ಮಂಗಳೂರಿನ ಹಂಚು ತುಂಬಿಕೊಂಡು ಮುಂಬಯಿಗೆ ಹೋಗುವ ಹಾಯಿಹಡಗು ಅದು. ಒಂದು ಸಲ ಮನೆಗೆ ಬರುವಾಗ ಮಡಿಲಲ್ಲಿ ಕಂದು ಬಣ್ಣದ ನಾಯಿಮರಿಯೊಂದನ್ನು ಕಟ್ಟಿಕೊಂಡು ಬಂದ. ನಡೆಯುವಾಗ ಬಾಲವನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಿತ್ತೆಂದು ಅದಕ್ಕೆ ಚುಕ್ಕಾಣಿ ಎಂದು ಹೆಸರಿಟ್ಟ. ಅವನು ಊರಲ್ಲಿದ್ದಷ್ಟು ದಿನವೂ ಅದು ಅವನ ಎಲೆಯ ಪಕ್ಕದಲ್ಲೇ ಕೂತು, ಅವನ ಕೈಯಿಂದಲೇ ಕಡೆಯ ತುತ್ತು ತಿನ್ನುತ್ತಿತ್ತು.

ಅಣ್ಣನ ಮದುವೆಯಾಗಿ ಎರಡನೆಯ ವರ್ಷ. ಮಳೆಗಾಲಕ್ಕೆ ಮುನ್ನ ಇದೊಂದೇ ಸಾಗಾಟ ಎಂದು ಹೋದ ಮಚವೆ ಮುಂಬಯಿ ಮುಟ್ಟಲಿಲ್ಲ. ಒಂದು ಹಲಗೆ ಸಿಗಲಿಲ್ಲ, ಒಂದು ಹೆಣ ಸಿಗಲಿಲ್ಲ. ಗಾಳಿಗೆ ಸಿಕ್ಕ ಹಡಗು ಕರಾಚಿ ಕಡೆ ಹೋಗಿ ಅಲ್ಲಿಯವರ ಕೈಗೆ ಬಿದ್ದಿರಬೇಕು ಎಂದು ಬಂದರದಲ್ಲಿ ಯಾರೋ ಮಾತು ತೇಲಿಬಿಟ್ಟರು. ಸಮಾಧಾನಕ್ಕೆ ಹೇಳಿದ ಮಾತಿರಬೇಕು. ಅಬ್ಬೆ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

ಅವತ್ತಿನಿಂದ ದಿನವೂ ಮಧ್ಯಾಹ್ನ ಅಣ್ಣನ ಮಣೆಯ ಮುಂದೆ ಎಲೆ ಹಾಕುವುದು ಶುರುವಾಯಿತು. ಅವನು ಒಳ್ಳೆಯ ಉಣ್ಣುವ ಆಳು. ಅವನು ಉಣ್ಣುತ್ತಿದ್ದಷ್ಟೇ ಕುಚ್ಚಿಗೆ ಅನ್ನದ ರಾಶಿ, ಮೇಲೆ ಮೀನಿನ ಸಾರು, ಹುರಿದ ಬಂಗಡೆ. ಅಬ್ಬೆ ಬಡಿಸಿ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡುತ್ತ ಕೂರುವಳು. ಆಮೇಲೆ ಎಲೆ ಎತ್ತುವಳು. ಆ ಅನ್ನವನ್ನು ಹೆಂಗಸರು ನಾವು ಉಣ್ಣುವಂತಿರಲಿಲ್ಲ, ಅದು ಗಂಡಸಿನ ಪಾಲು. ಹೊರಗೆ ಚೆಲ್ಲುವಂತೆಯೂ ಇರಲಿಲ್ಲ, ಏಕೆಂದರೆ ಕಾಗೆ ಮುಟ್ಟಿಬಿಟ್ಟರೆ ಅದು ಸತ್ತವರಿಗೆ ಇಟ್ಟ ಅನ್ನವಾಗುತ್ತದೆ. ಅವನ ಕೈಯಿಂದ ತಿಂದು ರೂಢಿಯಿದ್ದ ಜೀವ ಒಂದೇ, ಚುಕ್ಕಾಣಿ. ಹಾಗಾಗಿ ಎಲೆ ಅದರ ಮುಂದೆ ಹೋಗುತ್ತಿತ್ತು. ಒಂದು ಕಾಗೆಯನ್ನೂ ಅದು ಅಂಗಳಕ್ಕೆ ಇಳಿಯಗೊಡುತ್ತಿರಲಿಲ್ಲ.

ಎಲೆ ಬೀಳುತ್ತಿರುವಷ್ಟು ದಿನ ಅಣ್ಣ ಇದ್ದಾನೆ. ಅಣ್ಣ ಇರುವಷ್ಟು ದಿನ ಅತ್ತಿಗೆಯ ಹಣೆಯಲ್ಲಿ ಕುಂಕುಮ, ಕೈಯಲ್ಲಿ ಬಳೆ. ಇದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮೂವರಿಗೂ ಗೊತ್ತಿತ್ತು.

ನಾಲ್ಕು ವರ್ಷ ಹೀಗೆ ನಡೆಯಿತು. ಚುಕ್ಕಾಣಿ ಹಲಸಿನ ಹಣ್ಣಿನ ಹಾಗೆ ಉಬ್ಬಿತು. ಅಂಗಳದಿಂದ ಬಾವಿಯವರೆಗೆ ಹೋದರೆ ಏದುಸಿರು. ನೆರೆಯವರು ತಮಾಷೆ ಮಾಡುತ್ತಿದ್ದರು, "ನಿಮ್ಮನೇಲಿ ನಾಯಿಯೇ ಸಾವ್ಕಾರ, ಉಳಿದವ್ರೆಲ್ಲ ಆಳು." ಅದು ಸುಳ್ಳೂ ಅಲ್ಲ. ಕಡೆಗೆ ಉಣ್ಣುವವಳು ಅತ್ತಿಗೆ. ಅವಳಿಗೆ ಸಿಗುತ್ತಿದ್ದದ್ದು ಪಾತ್ರೆಯ ತಳಕ್ಕೆ ಅಂಟಿದ್ದು. ಅವಳ ರವಿಕೆ ತೋಳಿನಲ್ಲಿ ಜೋಲುತ್ತಿತ್ತು.

ಮೊದಲ ಗಂಟು ಸಿಕ್ಕಿದ್ದು ನನಗೆ, ಉಣ್ಣಿ ಕೀಳುತ್ತಿದ್ದಾಗ, ಪಕ್ಕೆಯಲ್ಲಿ. ಅಡಿಕೆಯಷ್ಟಿತ್ತು. ಉಣ್ಣಿ ಕಚ್ಚಿದ ಬಾವು ಎಂದುಕೊಂಡೆ. ದೀಪಾವಳಿಗೆ ಲಿಂಬೆಹಣ್ಣಿನಷ್ಟಾಯಿತು, ಎದೆಯ ಕೆಳಗೆ ಇನ್ನೊಂದು ಹುಟ್ಟಿತು. ಆಮೇಲೆ ಮುಂಗಾಲಿನ ಸಂದಿಯಲ್ಲಿ ಮೂರನೆಯದು. ಅದು ಬೆಳೆದು ಮಾವಿನಕಾಯಿಯಷ್ಟಾದಾಗ ಚುಕ್ಕಾಣಿ ಆ ಕಾಲನ್ನು ಹೊರಕ್ಕೆ ಚಾಚಿ ಕುಂಟತೊಡಗಿತು. ಕಾಲು ಉಜ್ಜಿ ಉಜ್ಜಿ ಅಲ್ಲಿನ ಕೂದಲು ಹೋಗಿ ಚರ್ಮ ಕೆಂಪಾಯಿತು.

ನನಗೆ ಹೆದರಿಕೆ ಹತ್ತಿದ್ದು ಆಗ. ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿರುವಾಗಲೂ ಮನಸ್ಸು ಆ ಗಂಟಿನ ಮೇಲೆಯೇ. ನಾಯಿ ಸತ್ತರೆ ಎಲೆ ಎಲ್ಲಿಗೆ ಹೋಗುತ್ತದೆ? ಈ ಯೋಚನೆ ಬಂದ ದಿನ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಪ್ರಾಣಿ ನರಳುತ್ತಿದೆ, ನಾನು ಎಲೆಯ ಲೆಕ್ಕ ಹಾಕುತ್ತಿದ್ದೇನೆ. ಆದರೂ ಬಂದದ್ದು ಅದೇ ಯೋಚನೆ. ಸುಳ್ಳು ಬರೆಯಲಾರೆ.

ನೆರೆಯವರ ಬಳಿ ಔಷಧಕ್ಕೆ ಬರವಿರಲಿಲ್ಲ. ಸುಣ್ಣ ಬೆಲ್ಲ ಕಲಸಿ ಹಚ್ಚಿ, ಕುದುರೆಯ ಬಾಲದ ಕೂದಲು ಬಿಗಿದು ಕಟ್ಟಿ, ಕಾಸಿದ ಕಬ್ಬಿಣದಿಂದ ಬರೆ ಹಾಕಿ. ಅಬ್ಬೆ ಎಲ್ಲ ಕೇಳಿಸಿಕೊಂಡು, "ಸುಖದ ಮೈ ಅದು. ನನ್ನ ಮಗನ ಅನ್ನ ಅದಕ್ಕೆ ಹಿಡದದೆ ಅಷ್ಟೇ" ಅನ್ನುತ್ತಿದ್ದಳು.

ಭಟ್ಕಳದಲ್ಲಿ ಆಗ ದನಗಳಿಗೆ ಚುಚ್ಚುಮದ್ದು ಹಾಕುವವನೊಬ್ಬನಿದ್ದ, ಅವನು ನಾಯಿ ಮುಟ್ಟುತ್ತಿರಲಿಲ್ಲ. ಕುಮಟೆಯಲ್ಲಿ ದನದ ಡಾಕ್ಟರರಿದ್ದಾರೆ, ಓದಿದವರು ಎಂದು ಶಾಲೆಯಲ್ಲಿ ಯಾರೋ ಹೇಳಿದರು. ಬೇಸಿಗೆ ರಜೆ ಮುಗಿಯುವ ಮೊದಲು ಒಂದು ಬೆಳಿಗ್ಗೆ ನಾನು ಮತ್ತು ಅತ್ತಿಗೆ ಚುಕ್ಕಾಣಿಯನ್ನು ಕರೆದುಕೊಂಡು ಹೊರಟೆವು. ನಾಯಿಯನ್ನು ಬಸ್ಸಿನಲ್ಲಿ ಡಾಕ್ಟರರ ಬಳಿಗೆ ಒಯ್ಯುವ ಹೆಂಗಸರನ್ನು ಊರು ಅದಕ್ಕೆ ಮುಂಚೆ ಕಂಡಿರಲಿಲ್ಲ. ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತ. ಆಮೇಲೆ ನನ್ನ ಮುಖ ನೋಡಿ, "ನನ್ನ ಮಗಳಿಗೆ ಕಲಿಸ್ತ್ರಿ ನೀವು. ಹಿಂದಿನ ಸೀಟಿನ ಬುಡಕ್ಕೆ ಹಾಕಿ, ಯಾರಾರೂ ಕೇಳಿರೆ ಮೀನಿನ ಬುಟ್ಟಿ ಅನ್ನಿ" ಎಂದ. ಬುಟ್ಟಿ ಏದುಸಿರು ಬಿಡುವುದನ್ನು ದಾರಿಯುದ್ದಕ್ಕೂ ಎಲ್ಲರೂ ಕೇಳಿದರು, ಒಬ್ಬರೂ ತುಟಿ ಬಿಚ್ಚಲಿಲ್ಲ.

ಶರಾವತಿಗೆ ಆಗ ಸೇತುವೆ ಇರಲಿಲ್ಲ. ಕಾಸರಕೋಡಿನಲ್ಲಿ ಇಳಿದು, ಲಾಂಚು ಹತ್ತಿ ಹೊನ್ನಾವರದ ದಡ ಸೇರಿ, ಅಲ್ಲಿಂದ ಬೇರೆ ಬಸ್ಸು. ಲಾಂಚಿನಲ್ಲಿ ನೀರಿನ ವಾಸನೆ ಬಡಿದದ್ದೇ ತಡ, ಬಸ್ಸಿನಲ್ಲಿ ಸತ್ತಂತೆ ಬಿದ್ದಿದ್ದ ಚುಕ್ಕಾಣಿ ಎದ್ದು ನಿಂತಿತು. ಕುಂಟುತ್ತಲೇ ಮುಂದೆ ಹೋಗಿ, ಹಗ್ಗ ಹಿಡಿದ ಖಲಾಸಿಗಳ ಮುಖವನ್ನು ಒಬ್ಬೊಬ್ಬರದಾಗಿ ನೋಡಿತು. ಎಲ್ಲರದೂ ನೋಡಿ ಮುಗಿದ ಮೇಲೆ ವಾಪಸು ಬಂದು ಅತ್ತಿಗೆಯ ಕಾಲ ಮೇಲೆ ತಲೆಯಿಟ್ಟಿತು.

ಅತ್ತಿಗೆ ನದಿಯ ಕಡೆ ಮುಖ ಮಾಡಿ ಹೇಳಿದಳು, "ಅವ್ರು ಇಲ್ಲ ನಾಗು. ನಂಗೆ ಗೊತ್ತದೆ. ಗೊತ್ತಿದ್ದೇ ದಿನಾ ಕುಂಕುಮ ಇಟ್ಕಣ್ತೆ. ಅತ್ತೆ ಬದುಕ್ಬೇಕಲ್ಲ."

ನಾಲ್ಕು ವರ್ಷದಲ್ಲಿ ಅವಳು ತನ್ನ ಬಗ್ಗೆ ಆಡಿದ ಮೊದಲ ಮಾತು ಅದು.

ಕುಮಟೆಯ ದನದ ಆಸ್ಪತ್ರೆಯೆಂದರೆ ಒಂದು ಹಂಚಿನ ಮಾಡು, ಮುಂದೆ ದನ ಕಟ್ಟುವ ಮರದ ಕಟ್ಟು. ಹೆಗಲು ಹುಣ್ಣಾದ ಎತ್ತು, ಕೆಚ್ಚಲು ಬಾತ ಎಮ್ಮೆ, ಸಗಣಿ, ನೊಣ. ಸರದಿಯಲ್ಲಿದ್ದವರೆಲ್ಲ ನಮ್ಮನ್ನು ನೋಡಿ ನಕ್ಕರು. ಹೊಳನಗದ್ದೆಯಿಂದ ಎಮ್ಮೆ ಹೊಡೆದುಕೊಂಡು ಬಂದಿದ್ದ ಒಬ್ಬ ಮುದುಕನಂತೂ, "ನಾಯಿಗೂ ದಾಕ್ತರ್ರ? ನಾಳೆ ಬೆಕ್ಕಿಗೂ ಬೇಕು ಅಂತ್ರಿ!" ಎಂದು ಎಲೆಯಡಿಕೆ ಉಗುಳಿ ನಕ್ಕ. ನಾನು ದುರುಗುಟ್ಟಿ ನೋಡಿದೆ. ಸ್ವಲ್ಪ ಹೊತ್ತು ಕಳೆದು ಅವನೇ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. ಕಾಲಸಂದಿಯ ಗಂಟನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿದ. ಎದ್ದು ಹೋಗಿ ಗರಟೆಯಲ್ಲಿ ನೀರು ತಂದು ನಾಯಿಯ ಮುಂದಿಟ್ಟ. "ಇದಕ್ಕೆ ನಿಲ್ಲೂಕೆ ಆಗ್ತಿಲ್ಲ. ನೀವು ಮುಂದೆ ಹೋಗಿ, ನನ್ನ ಎಮ್ಮೆ ನಿಂತ್ಕಣ್ತದೆ" ಎಂದು ತನ್ನ ಸರದಿ ಬಿಟ್ಟುಕೊಟ್ಟ.

ಡಾಕ್ಟರರು ಧಾರವಾಡದ ಕಡೆಯವರು. ನಗಲಿಲ್ಲ. ಚುಕ್ಕಾಣಿಯನ್ನು ಮೇಜಿನ ಮೇಲೆ ಮಲಗಿಸಿ, ಕಣ್ಣು ಮುಚ್ಚಿ ಬರೀ ಬೆರಳಲ್ಲಿ ಮೂಗಿನಿಂದ ಬಾಲದವರೆಗೆ ತಡವಿದರು. ನಮಗೆ ಮೂರು ಗಂಟು ಗೊತ್ತಿತ್ತು, ಅವರಿಗೆ ಐದು ಸಿಕ್ಕವು. ದಪ್ಪ ಸೂಜಿ ಚುಚ್ಚಿ ಎಳೆದು, ಬಂದದ್ದನ್ನು ಗಾಜಿನ ಚೂರಿನ ಮೇಲೆ ಹಾಕಿ ಬೆಳಕಿಗೆ ಹಿಡಿದರು. ಗಾಜಿನ ಮೇಲೆ ಬರೀ ಜಿಡ್ಡು.

"ಕೊಬ್ಬಿನ ಗಂಟರೀ ಇವು. ಕೆಟ್ಟವಲ್ಲ. ಇವುಗಳಿಂದ ನಾಯಿ ಸಾಯಂಗಿಲ್ಲ."

ಅತ್ತಿಗೆ ಗೋಡೆಗೆ ಒರಗಿದಳು. ನನಗೆ ಅಳು ನಗು ಎರಡೂ ಒಟ್ಟಿಗೆ ಬಂದವು.

"ಆದ್ರ ಈ ಕಾಲ ಸಂದ್ಯಾಗಿಂದು ನಡ್ಯಾಕ ಬಿಡವಲ್ದು. ಇದನ್ನ ಕೊಯ್ದು ತಗೀಬೇಕು. ಈಗ ಆಗಂಗಿಲ್ಲ. ಇಷ್ಟು ಮೈ ಇದ್ರ ಮದ್ದು ಕೊಟ್ಟು ಮಲಗ್ಸಿದ್ದು ಏಳಂಗಿಲ್ಲ. ಮೊದ್ಲು ಇಳಸ್ರಿ. ಊಟಕ್ಕ ಏನ ಹಾಕ್ತೀರಿ? ಎಷ್ಟು?"

ನಾನು ಅತ್ತಿಗೆಯ ಮುಖ ನೋಡಿದೆ. ಅವಳು ಎರಡೂ ಕೈ ಮುಂದೆ ಚಾಚಿ ಅನ್ನದ ರಾಶಿಯ ಅಳತೆ ತೋರಿಸಿದಳು.

"ಅವ್ವಾ, ಇದು ಒಬ್ಬ ಗಂಡಾಳು ಉಣ್ಣೂ ಊಟ ಆತಲ್ಲ!" ಎಂದರು ಡಾಕ್ಟರರು.

ಅವರು ಒಮ್ಮೆ ಅತ್ತಿಗೆಯ ತೆಳ್ಳನೆಯ ಕೈ ನೋಡಿದರು, ಮತ್ತೆ ಕೇಳಲಿಲ್ಲ. ಅರ್ಧಕ್ಕಿಂತ ಕಡಿಮೆ ಹಾಕಿ, ದಿನಾ ಎರಡು ಹೊತ್ತು ಮೆಲ್ಲಗೆ ನಡೆಸಿ, ತಿಂಗಳಿಗೊಮ್ಮೆ ದಾರ ಸುತ್ತಿ ಗಂಟಿನ ಅಳತೆ ತೆಗೆದಿಡಿ, ಒಮ್ಮೆಲೇ ಬೆಳೆದರೆ ಅಥವಾ ಗಟ್ಟಿಯಾದರೆ ಆ ಕೂಡಲೇ ಬನ್ನಿ, ಇಲ್ಲದಿದ್ದರೆ ದಸರೆ ಕಳೆದು ಬನ್ನಿ, ಕೊಯ್ಯುತ್ತೇನೆ ಎಂದರು. ಹೊರಡುವಾಗ ಬಾಗಿಲವರೆಗೆ ಬಂದು, "ಯಾರು ಏನ ಹೇಳಿದ್ರೂ ಅದರ ಮ್ಯಾಲ ಏನೂ ಹಚ್ಚಬ್ಯಾಡ್ರಿ" ಎಂದು ಎರಡು ಸಲ ಹೇಳಿದರು.

ತಪ್ಪು ಮಾಡಿದವಳು ನಾನು. ಆ ತಪ್ಪು ನಡೆದದ್ದು ವಾಪಸು ಬರುವ ಲಾಂಚಿನಲ್ಲಿ. ಅನ್ನ ಕಡಿಮೆ ಮಾಡಬೇಕೆಂದು ಅಬ್ಬೆಗೆ ಹೇಳುವುದು ಹೇಗೆ? ಅಣ್ಣನ ಎಲೆಗೆ ಅರ್ಧವೇ ಬಡಿಸು ಎಂದರೆ ಅರ್ಧ ಸತ್ತ ಎಂದಂತೆ. ಆದ್ದರಿಂದ ಹೇಳುವುದೇ ಬೇಡ ಎಂದು ನಾನು ತೀರ್ಮಾನಿಸಿದೆ. ಎಲೆಯನ್ನು ಅಂಗಳಕ್ಕೆ ಒಯ್ಯುವವಳು ಅತ್ತಿಗೆ. ದಾರಿಯಲ್ಲಿ ಬಚ್ಚಲ ಹಿಂದೆ ಅರ್ಧಕ್ಕೂ ಹೆಚ್ಚು ತೆಗೆದುಬಿಟ್ಟರೆ ಆಯಿತು.

"ತೆಗೆದದ್ದನ್ನ ಎಂತ ಮಾಡೂದು? ಕಾಗೆ ಮುಟ್ತದೆ" ಎಂದಳು ಅತ್ತಿಗೆ.

"ನೀನು ಉಣ್ಣು."

ಅವಳು ನನ್ನನ್ನು ದಿಟ್ಟಿಸಿದಳು. ಆಮೇಲೆ ತಲೆ ತಗ್ಗಿಸಿ, "ಆತು" ಎಂದಳು. ಅವಳಿಗೆ ಎಷ್ಟು ಹಸಿವಿತ್ತು ಎಂಬುದು ನನಗೆ ತಿಳಿದದ್ದು ಆ ಒಂದು ಮಾತಿನಲ್ಲಿ.

ಅಬ್ಬೆಗೆ ಮಾತ್ರ, "ಎಂತದೂ ಇಲ್ಲ, ಕೊಬ್ಬು ಅಂದ್ರು. ದಸರೆ ಕಳದು ಕೊಯ್ತ್ರಂತೆ" ಎಂದು ಹೇಳಿದೆ. ಅವಳು ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಮಳೆಗಾಲವೆಲ್ಲ ಹೀಗೆ ಸಾಗಿತು. ಮೊದಲ ವಾರ ಚುಕ್ಕಾಣಿ ಎಲೆ ನೆಕ್ಕಿ ನೆಕ್ಕಿ ಹರಿದುಹಾಕಿತು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕುಂಯಿಗುಡುತ್ತಿತ್ತು. ನಾನು ಗಟ್ಟಿ ಕೂತೆ. ಶಾಲೆಗೆ ಹೋಗುವ ಮುನ್ನ ಒಮ್ಮೆ, ಬಂದ ಮೇಲೆ ಒಮ್ಮೆ ಕಂಬಳಿಕೊಪ್ಪೆ ಹೊದ್ದು ಅದನ್ನು ಬಂದರದವರೆಗೆ ನಡೆಸುತ್ತಿದ್ದೆ. ಶ್ರಾವಣ ಬರುವಷ್ಟರಲ್ಲಿ ಅದರ ಸೊಂಟ ಕಾಣತೊಡಗಿತು. ಒಂದು ದಿನ ಕಾಗೆಯನ್ನು ಅಟ್ಟಿಸಿಕೊಂಡು ಬಾವಿಕಟ್ಟೆಯವರೆಗೆ ಓಡಿಯೇ ಹೋಯಿತು. ಪಕ್ಕೆಯ ಗಂಟಿಗೆ ಸುತ್ತಿದ ಬಿಳಿ ದಾರಕ್ಕೆ ನಾನು ಶಾಲೆಯ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದೆ. ಮೊದಲ ತಿಂಗಳ ಗುರುತು ಎಲ್ಲಿತ್ತೋ ಎರಡನೆಯದೂ ಅಲ್ಲೇ. ಮೂರನೆಯದು ಅದಕ್ಕಿಂತ ಒಂದಿಷ್ಟು ಒಳಗೆ. ಅತ್ತಿಗೆಯ ಕೆನ್ನೆಯೂ ತುಂಬಿತು. ಒಮ್ಮೆ ಅವಳು ನೀರು ಸೇದುತ್ತ ಹಾಡು ಗುನುಗುವುದು ಕೇಳಿಸಿತು.

ಚೌತಿಯ ದಿನ ಎಲ್ಲ ಮುಗಿಯಿತು. ಅಬ್ಬೆ ಅಣ್ಣನಿಗೆ ಇಷ್ಟವೆಂದು ಕಡುಬು ಮಾಡಿ ಎಲೆಗೆ ಬಡಿಸಿದ್ದಳು. ಎಲೆ ಹೊರಗೆ ಹೋದ ಮೇಲೆ, ತುಪ್ಪ ಹಾಕಲು ಮರೆತೆನೆಂದು ಗಿಂಡಿ ಹಿಡಿದು ಹಿಂದೆಯೇ ಹೋದಳು. ಬಚ್ಚಲ ಹಿಂದೆ ಅತ್ತಿಗೆ ಕುಕ್ಕರಗಾಲಲ್ಲಿ ಕೂತಿದ್ದಳು, ಬಾಯ ತುಂಬ ಕಡುಬು.

"ನನ್ನ ಮಗನ ಅನ್ನ ತಿಂತ್ಯನೇ? ಅಂವ ಬರೂದು ನಿಂಗೆ ಬೇಡಾತೇ?"

ಅತ್ತಿಗೆ ನುಂಗಲೂ ಇಲ್ಲ, ಉಗುಳಲೂ ಇಲ್ಲ. ನನ್ನ ಹೆಸರು ಹೇಳಲಿಲ್ಲ. ನಾನು ಹಿತ್ತಲ ಬಾಗಿಲಲ್ಲೇ ನಿಂತಿದ್ದೆ. ಇದು ಡಾಕ್ಟರರ ಮಾತು, ನಾನೇ ಮಾಡಿಸಿದ್ದು ಎಂದು ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಹೆದರಿದೆ. ಮಾರನೆಯ ದಿನ ಹೇಳಿದಾಗ ಅಬ್ಬೆ, "ಅವಳ್ನ ಉಳಸೂಕೆ ನೀ ಸುಳ್ಳು ಹೇಳ್ತೆ. ಸುಳ್ಳಲ್ದಿದ್ರೆ ಆ ದಿನವೇ ಎಂತಕೆ ಹೇಳ್ಲಿಲ್ಲ?" ಎಂದಳು.

ಅಬ್ಬೆ ಬಂದರದಾಚೆ ನೋಟ ನೋಡಿ ಕಣಿ ಹೇಳುವ ಮುದುಕನೊಬ್ಬನ ಬಳಿಗೆ ಹೋಗಿ ಬಂದಳು. ಅವನು ಹೇಳಿದನಂತೆ, ಮಗನ ಹಸಿವೆಯೇ ನಾಯಿಯ ಮೈಯಲ್ಲಿ ಗಂಟಾಗಿ ಕೂತಿದೆ, ಅದನ್ನು ಸುಟ್ಟು ತೆಗೆದು, ಎಲೆಗೆ ಎರಡರಷ್ಟು ಬಡಿಸಬೇಕು. ನಾವು ಹಡಗಿನವರು. ಹಲಗೆಗೆ ಹುಳ ಹಿಡಿದರೆ ಏನು ಮಾಡಬೇಕೆಂದು ನಮ್ಮವರಿಗೆ ಹುಟ್ಟಿನಿಂದ ಗೊತ್ತು. ಗೇರುಬೀಜದ ಸಿಪ್ಪೆಯಿಂದ ಇಳಿಸಿದ ಕಪ್ಪು ಎಣ್ಣೆ ಬಳಿಯುತ್ತಾರೆ, ಹುಳ ಅಲ್ಲೇ ಸಾಯುತ್ತದೆ. ಗೇರೆಣ್ಣೆ ಮರವನ್ನು ಉಳಿಸುತ್ತದೆ, ಮೈಯನ್ನು ಸುಡುತ್ತದೆ. ಅಣ್ಣನ ಕಾಲದ ಗೇರೆಣ್ಣೆ ಅಟ್ಟದ ಮೇಲೆ ಇನ್ನೂ ಇತ್ತು. ನಾನು ಶಾಲೆಯಲ್ಲಿದ್ದೆ. ಅಬ್ಬೆ ಅತ್ತಿಗೆಯನ್ನು ಅಕ್ಕಿ ಬೀಸಿಸಲು ಗಿರಣಿಗೆ ಕಳಿಸಿ, ನಾಯಿಯನ್ನು ಕಂಬಕ್ಕೆ ಕಟ್ಟಿ, ತೆಂಗಿನ ನಾರಿನಿಂದ ಆ ಎಣ್ಣೆಯನ್ನು ಕಾಲಸಂದಿಯ ಗಂಟಿಗೂ ಪಕ್ಕೆಗೂ ಎದೆಗೂ ಬಳಿದಳು.

ನಾನು ಬರುವಷ್ಟರಲ್ಲಿ ಚುಕ್ಕಾಣಿ ಹಗ್ಗ ಕಡಿದುಕೊಂಡು ಕೊಟ್ಟಿಗೆಯ ಮೂಲೆ ಸೇರಿತ್ತು. ಉರಿ ತಾಳದೆ ಮೈಯನ್ನೆಲ್ಲ ನೆಕ್ಕಿತ್ತು. ತುಟಿ, ನಾಲಗೆ, ಗಂಟಲು ಎಲ್ಲ ಬೊಬ್ಬೆ. ಗಂಟಿನ ಮೇಲಿನ ಚರ್ಮ ಬೆಂದು ಸುಲಿದಿತ್ತು. ನನ್ನನ್ನು ಕಂಡು ಬಾಲ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿತು. ನಾನು ಅಬ್ಬೆಯ ಮೇಲೆ ಕಿರುಚಾಡಿದೆ. ಆಡಬಾರದ್ದನ್ನೆಲ್ಲ ಆಡಿದೆ. ಅವಳು ಜಗಲಿಯಲ್ಲಿ ಕೂತು ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದಳು. ಅವೂ ಬೊಬ್ಬೆ ಎದ್ದಿದ್ದವು.

ಶರಾವತಿ ತುಂಬಿ ಹರಿಯುತ್ತಿತ್ತು, ಲಾಂಚು ನಿಂತಿತ್ತು. ಕುಮಟೆ ಮುಟ್ಟುವ ದಾರಿಯೇ ಇರಲಿಲ್ಲ. ಟಪಾಲಾದರೂ ಘಟ್ಟ ಸುತ್ತಿಕೊಂಡು ಹೋದೀತೆಂದು ಡಾಕ್ಟರರಿಗೆ ಕಾಗದ ಬರೆದು ಹಾಕಿದೆ. ಅಬ್ಬೆಯನ್ನು ಊರಿನ ದವಾಖಾನೆಗೆ ಕರೆದುಕೊಂಡು ಹೋದಾಗ ಅಲ್ಲಿನ ಕಂಪೌಂಡರ್ ಸಾಹೇಬರು ಅವಳ ಕೈ ನೋಡಿ, ಯಾಕೆ ಹೀಗಾಯಿತೆಂದು ಕೇಳಿದರು. ಹೇಳಿದೆ. ಅವರು ಒಳಗೆ ಹೋಗಿ ದೊಡ್ಡ ಡಬ್ಬಿಯ ತುಂಬ ಮುಲಾಮು ತಂದರು. "ಎರಡು ಕೈಗೆ ಇಷ್ಟೆಲ್ಲ ಬೇಡ ಅಕ್ಕೋರೆ. ಉಳದದ್ದು ಅದಕ್ಕೆ ಹಚ್ಚಿ. ಅದಕ್ಕೂ ಜೀವ ಅದೆಯಲ್ಲ" ಎಂದರು. ಆ ದಿನಗಳಲ್ಲಿ ನಮಗೆ ಸಿಕ್ಕಿದ ಕರುಣೆ ಅಷ್ಟೇ.

ಹನ್ನೊಂದು ದಿನ ಬದುಕಿತು. ಗಂಜಿಯ ತಿಳಿಯನ್ನು ನಾನೂ ಅತ್ತಿಗೆಯೂ ಚಮಚದಲ್ಲಿ ಬಿಟ್ಟರೆ ಬಾಯಿಂದ ಹೊರಗೆ ಸುರಿಯುತ್ತಿತ್ತು. ಹುಣ್ಣಿಗೆ ಹುಳ ಬಿತ್ತು. ಚಿಮಟದಿಂದ ತೆಗೆಯುವಾಗ ಅದು ನನ್ನ ಕೈ ಕಚ್ಚಲಿಲ್ಲ, ಮೆಲ್ಲಗೆ ಬಾಯಲ್ಲಿ ಹಿಡಿದುಕೊಳ್ಳುತ್ತಿತ್ತು. ಅಬ್ಬೆಯ ಕೈ ಅಡುಗೆಗೆ ಬರುತ್ತಿರಲಿಲ್ಲವಾದ್ದರಿಂದ ಅಣ್ಣನ ಎಲೆಗೆ ಬಡಿಸುವವಳು ಅತ್ತಿಗೆ. ಅವಳು ಬಡಿಸುತ್ತಿದ್ದಳು, ಅಬ್ಬೆ ಬಾಗಿಲ ಕಡೆ ನೋಡುತ್ತಿದ್ದಳು. ಆಮೇಲೆ ಎಲೆ ಕೊಟ್ಟಿಗೆಗೆ ಹೋಗಿ, ಹೋದ ಹಾಗೇ ಉಳಿಯುತ್ತಿತ್ತು. ಸಂಜೆ ನಾನು ಅದನ್ನು ಹಿತ್ತಲಲ್ಲಿ ಗುಂಡಿ ತೋಡಿ ಹುಗಿಯುತ್ತಿದ್ದೆ. ಅಬ್ಬೆ ಅದನ್ನು ದಿನವೂ ನೋಡಿದಳು.

ಕಡೆಯ ದಿನ ಬೆಳಿಗ್ಗೆ ಅಬ್ಬೆ ತಾನೇ ಕೊಟ್ಟಿಗೆಗೆ ಬಂದು, ಬಟ್ಟೆ ಸುತ್ತಿದ ಕೈಯನ್ನು ಅದರ ತಲೆಯ ಮೇಲಿಟ್ಟು ಕೂತಳು. "ನಂಗೆ ಗೊತ್ತಾಗ್ಲಿಲ್ಲ ಮಗಾ" ಎಂದಳು. ನಾಯಿಗೆ ಹೇಳಿದಳೋ ಅಣ್ಣನಿಗೋ ಎಂದು ನಾನು ಕೇಳಲಿಲ್ಲ. ಚುಕ್ಕಾಣಿ ಆ ಕೈಯ ಕೆಳಗೇ ಹೋಯಿತು. ಹೊಳೆಯ ಬದಿಯ ತೆಂಗಿನ ಬುಡದಲ್ಲಿ ಹುಗಿದೆವು. ಹುಗಿಯುವ ಮುಂಚೆ, ಹುಚ್ಚು ಅನ್ನಿ, ದಾರ ತಂದು ಪಕ್ಕೆಯ ಗಂಟಿಗೆ ಸುತ್ತಿ ನೋಡಿದೆ. ಮೊದಲ ತಿಂಗಳ ಕೆಂಪು ಗುರುತಿನಿಂದ ಒಂದು ಬೆರಳು ಒಳಗೇ ಇತ್ತು. ದಸರೆಗೆ ಇನ್ನು ಕೆಲವೇ ದಿನ.

ಮಾರನೆಯ ದಿನ ಡಾಕ್ಟರರ ಕಾರ್ಡು ಬಂತು. ಗಾಯ ತೊಳೆಯುವ ರೀತಿ, ಹೊಟ್ಟೆಗೆ ಕೊಡಬೇಕಾದ್ದು ಎಲ್ಲ ಸಣ್ಣ ಅಕ್ಷರದಲ್ಲಿ ತುಂಬಿ, ಅಂಚಿನಲ್ಲಿ "ಧೈರ್ಯ ಬಿಡಬೇಡಿರಿ" ಎಂದು ಬರೆದಿದ್ದರು.

ಅವತ್ತೇ ಮಧ್ಯಾಹ್ನ ಅಬ್ಬೆ ಕೈಯ ಬಟ್ಟೆ ಬಿಚ್ಚಿ ತಾನೇ ಎಲೆ ಹಾಕಿದಳು. ಅನ್ನ, ಸಾರು, ಹುರಿದ ಬಂಗಡೆ. ಬಾಗಿಲ ಕಡೆ ನೋಡಿದಳು. ಹೊತ್ತಾದ ಮೇಲೆ ಎಲೆ ಎತ್ತಿ, ತಾನೇ ಅಂಗಳಕ್ಕೆ ಒಯ್ದು, ಚುಕ್ಕಾಣಿ ಉಣ್ಣುತ್ತಿದ್ದ ಜಾಗದಲ್ಲಿಟ್ಟು ಮೆಟ್ಟಿಲ ಮೇಲೆ ಕೂತಳು. ನಾನೂ ಅತ್ತಿಗೆಯೂ ಹಿಂದೆ ನಿಂತೆವು. ಮಳೆ ಬಿಟ್ಟಿತ್ತು. ತೆಂಗಿನ ಗರಿಯಿಂದ ಒಂದು ಕಾಗೆ ಕಟ್ಟೆಗೆ ಇಳಿಯಿತು. ಕತ್ತು ಕೊಂಕಿಸಿ ಕೊಟ್ಟಿಗೆಯ ಕಡೆ ನೋಡಿತು. ಅಲ್ಲಿಂದ ಯಾರೂ ಬರಲಿಲ್ಲ. ನಾನು ಓಡಿಸಲೆಂದು ಮುಂದೆ ಹೋದೆ, ಅಬ್ಬೆ ನನ್ನ ಸೀರೆಯ ಸೆರಗು ಹಿಡಿದು ನಿಲ್ಲಿಸಿದಳು.

ಕಾಗೆ ಎಲೆಗೆ ಬಾಯಿ ಹಾಕಿತು. ಅನ್ನ ತಿಂದಿತು, ಮೀನು ಎತ್ತಿಕೊಂಡು ಹೋಯಿತು. ಇನ್ನೆರಡು ಬಂದವು.

ಅಬ್ಬೆ ಕಡೆಯ ಅಗುಳು ಹೋಗುವವರೆಗೆ ನೋಡಿದಳು. ಆಮೇಲೆ ಎದ್ದು, ಅತ್ತಿಗೆಯ ಬಲಗೈಯನ್ನು ತನ್ನ ಬೆಂದ ಕೈಗಳಲ್ಲಿ ಹಿಡಿದು, ಬಳೆಗಳನ್ನು ಒಡೆಯದೆ ಒಂದೊಂದಾಗಿ ಸರಿಸಿ ತೆಗೆದಳು. ಕೈ ತುಂಬಿಕೊಂಡಿತ್ತು, ಬಳೆ ಸಲೀಸಾಗಿ ಬರಲಿಲ್ಲ. ಅದು ಯಾವ ಅನ್ನದಿಂದ ತುಂಬಿದ ಕೈ ಎಂದು ಮೂವರಿಗೂ ಗೊತ್ತಿತ್ತು. ಅತ್ತಿಗೆ ಅಳಲಿಲ್ಲ. ಅತ್ತವಳು ನಾನು.

ಅಬ್ಬೆ ಒಳಗೆ ಹೋಗಿ ಹೊಸ ಎಲೆ ಹಾಕಿದಳು. ಅಣ್ಣನ ಮಣೆಯ ಮೇಲೆ ಅತ್ತಿಗೆಯನ್ನು ಕೂರಿಸಿ, ಅವನಿಗೆ ಬಡಿಸುತ್ತಿದ್ದಷ್ಟೇ ಅನ್ನ ರಾಶಿ ಹಾಕಿದಳು.

"ಉಣ್ಣು. ಇನ್ನು ಬಚ್ಚಲ ಹಿಂದೆ ಕೂತ್ಕಳೂದು ಬೇಡ."

ಅತ್ತಿಗೆ ತಲೆ ಎತ್ತದೆ ಒಂದಗುಳೂ ಬಿಡದೆ ಉಂಡಳು. ಅಬ್ಬೆ ಮತ್ತೊಮ್ಮೆ ಬಡಿಸಿದಳು.